ಬಿಟ್ಟುಹೋದ ಮನೆ

"ಸಾಲು ಬಿಟ್ಟು ಮುಂದೆ ಬರಬ್ಯಾಡ!" ಗ್ರಾಮಲೆಕ್ಕಿಗ ಮುರುಗೇಶಪ್ಪ ಕೂಗಿದ.

ಏಕಾಂತಮ್ಮ ನಿಲ್ಲಲಿಲ್ಲ. ಕೆಸರು ಮೆತ್ತಿದ ಸೀರೆಯ ನೆರಿಗೆ ಎತ್ತಿ ಹಿಡಿದು ನೇರವಾಗಿ ತಹಶೀಲ್ದಾರರ ಮೇಜಿನ ಮುಂದೆ ಹೋಗಿ ನಿಂತಳು.

ಅದು ೧೯೭೭ರ ಮಳೆಗಾಲ. ಐಮಂಗಲದ ಹತ್ತಿರದ ಆ ಹಳ್ಳಿಯಲ್ಲಿ ಕೆರೆ ಏರಿ ಒಡೆದು ಕೆಳಗಿನ ಓಣಿಯ ಮನೆಗಳೆಲ್ಲ ಬಿದ್ದಿದ್ದವು. ಮನೆ ಕಳೆದುಕೊಂಡವರು ಶಾಲೆಯಲ್ಲಿದ್ದರು. ಬಿದ್ದ ಮನೆಗಳ ಪಟ್ಟಿ ಮಾಡಿದವನು ಮುರುಗೇಶಪ್ಪ. ಪರಿಹಾರ ಹಂಚಲು ಹಿರಿಯೂರಿನಿಂದ ಬಂದಿದ್ದ ತಹಶೀಲ್ದಾರರು ತಾಲ್ಲೂಕಿಗೇ ಹೊಸಬರು; ಊರಿನ ಒಂದು ಮುಖವೂ ಅವರಿಗೆ ಗೊತ್ತಿರಲಿಲ್ಲ.

"ನಮ್ ಓಣ್ಯಾಗೆ ಎಲ್ಲಾರ ಮನೇನೂ ಬರ್ದವ್ರೆ ಸ್ವಾಮಿ. ನಂದೊಂದು ಬಿಟ್ಟವ್ರೆ."

"ಯಾರಮ್ಮ ಬಿಟ್ಟಿದ್ದು?"

ಅವಳು ಗದ್ದ ಎತ್ತಿ ಮುರುಗೇಶಪ್ಪನ ಕಡೆ ತೋರಿಸಿದಳು.

"ಒಂದು ಗೋಡೆ ನಿಂತೈತೆ ಸಾರ್," ಎಂದ ಮುರುಗೇಶಪ್ಪ ತಲೆ ಎತ್ತದೆ. "ಪೂರ್ತಿ ಬಿದ್ದ ಮನೆಗೆ ಮಾತ್ರ ಪರಿಹಾರ. ರೂಲ್ಸ್ ಹಂಗೈತೆ."

"ಆ ಗೋಡೆ ತಬ್ಕಂಡು ಮಲಗಾಕಾಗುತ್ತಾ? ಪಕ್ಕದ ತಿಪ್ಪಕ್ಕಂದೂ ಒಂದು ಗೋಡೆ ನಿಂತೈತೆ. ಅವಳ್ದು ಬರೀಲಿಲ್ವಾ?"

ಸಾಲಿನಲ್ಲಿದ್ದ ತಿಪ್ಪಕ್ಕ ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದಳು. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏರಿ ಬಿರುಕು ಬಿಟ್ಟೈತೆ ಅಂತ ಮುಂಗಾರಿಗೆ ಮುಂಚೇನೇ ದುರ್ಗದ ವಿಮೆ ಆಫೀಸಿಗೆ ಹೋಗಿದ್ವಿ ಸ್ವಾಮಿ. ಮಣ್ಣಿನ ಮನೆಗೆ ವಿಮೆ ಮಾಡಲ್ಲ ಅಂದ್ರು. ಸರ್ಕಾರ ಐತೆ, ಹೆದರಬ್ಯಾಡ ಅಂತ ಆವಾಗ ಇವ್ರೇ ಹೇಳಿದ್ರು. ಈಗ ಸರ್ಕಾರದ ಪೆನ್ನು ಇವ್ರ ಕೈಯಾಗೇ ಐತೆ, ಮಕ ತಿರುಗಿಸ್ತಾರೆ. ಅತ್ತು ಕೇಳ್ದೆ. ಜಗಳ ಆಡಿ ಕೇಳ್ದೆ. ಇನ್ನೆಂಗೆ ಕೇಳ್ಲಿ? ಕೂಸಿಗೆ ಜ್ವರ. ತಣ್ಣನೆ ನೆಲದ ಮ್ಯಾಲೆ ಮಲಗೈತೆ. ನಾಳೆ ಶಾಲೆ ಖಾಲಿ ಮಾಡ್ರಿ ಅಂದ್ರೆ ಎಲ್ಲಿಗೆ ಹೋಗಾಣ?"

ಕೂಸು ಎಂದಾಗ ಮುರುಗೇಶಪ್ಪನ ಪೆನ್ನು ನಿಂತಿತು. ಆಮೇಲೆ ಹಲ್ಲು ಕಚ್ಚಿದ. "ಸುಮ್ಕೆ ಹೋಗೇ. ನಾಕು ಜನದ ಮುಂದೆ ಮಾನ ಕಳೀಬ್ಯಾಡ."

ತಹಶೀಲ್ದಾರರು ಮೇಜು ಗುದ್ದಿದರು. "ರೀ! ಹೆಣ್ಣುಮಗಳ ಹತ್ತಿರ ಹೀಗಾ ಮಾತಾಡೋದು? ನಡೀರಿ, ನಾನೇ ನೋಡ್ತೀನಿ."

ಕೆಸರು ತುಳಿದುಕೊಂಡು ಎಲ್ಲರೂ ಹೋದರು. ತೊಲೆ, ಹೆಂಚು, ಬಾಗಿಲು ಒಂದೇ ರಾಶಿಯಾಗಿ ಬಿದ್ದಿದ್ದವು. ಉಳಿದಿದ್ದ ಗೋಡೆಗೆ ತಹಶೀಲ್ದಾರರು ಕೊಡೆಯ ತುದಿ ಒತ್ತಿದರು. ಒಂದು ಹೆಂಟೆ ಮಣ್ಣು ಕಳಚಿ ಅವರ ಬೂಟಿನ ಮೇಲೇ ಬಿತ್ತು.

"ಇದು ಗೋಡೆನಾ?"

ಮುರುಗೇಶಪ್ಪ ಆ ರಾಶಿಯನ್ನೇ ನೋಡುತ್ತಿದ್ದ. ತಹಶೀಲ್ದಾರರು ಅವನ ಕೈಯಿಂದ ಪಟ್ಟಿ ಕಿತ್ತುಕೊಂಡು, ಅಲ್ಲೇ ನಿಂತು, ಏಕಾಂತಮ್ಮನ ಮನೆ ಎಂದು ತಾವೇ ಬರೆದು ಸಹಿ ಹಾಕಿದರು.

"ಈಗ ಹೇಳ್ರಿ. ಯಾವ ದ್ವೇಷಕ್ಕೆ ಇದನ್ನ ಬಿಟ್ರಿ? ಲಂಚ ಕೊಡಲಿಲ್ಲ ಅಂತಾನಾ?"

"ನಂದೇ ತಪ್ಪು ಸಾರ್," ಎಂದನಷ್ಟೆ.

"ತಪ್ಪು ಅಂದ್ರೆ ಮುಗಿದುಹೋಯ್ತಾ? ಇವತ್ತೇ ಸಸ್ಪೆಂಡ್ ಮಾಡ್ತೀನಿ!"

ಗೆದ್ದವಳಂತೆ ನಿಂತಿದ್ದ ಏಕಾಂತಮ್ಮನ ಮುಖ ಒಮ್ಮೆಲೇ ಬಿಳಿಚಿಕೊಂಡಿತು. ಓಡಿ ಬಂದು ಇಬ್ಬರ ನಡುವೆ ನಿಂತು ಕೈ ಮುಗಿದಳು.

"ಲಂಚ ಅಲ್ಲ ಸ್ವಾಮಿ, ಜನ ಏನಂತಾರೋ ಅಂತ ಹೆದ್ರಿ ಬಿಟ್ಟವ್ರೆ. ಇವ್ರು ನಮ್ಮನೆಯವ್ರು."