ಆಲದ ಮರ ಸೇರದ ಗಂಟು

ಹುಲ್ಲಿನಲ್ಲಿ ಸುತ್ತಿದ ಗಂಟು ಹಿಡಿದಿದ್ದ ತಮ್ಮ ಮದನ್, ಆಲದ ಮರದ ಹಾದಿ ಬಿಟ್ಟು ಹಿತ್ತಿಲಿಗೆ ತಿರುಗಿದ್ದನ್ನು ನಂದಿತಾ ಬಾಣಂತಿ ಕೋಣೆಯ ಕಿಟಕಿಯಿಂದ ಕಂಡಳು. ಗಂಟಿನಲ್ಲಿದ್ದುದು ಬೆಳಿಗ್ಗೆ ಕರು ಹಾಕಿದ ಕಪಿಲೆಯ ಕಸ, ಅಂದರೆ ಮಾಸು. ಹಸುವೇ ಅದನ್ನು ತಿಂದುಬಿಡದಂತೆ ಅವ್ವ ಮಲ್ಲಾಜಮ್ಮ ಕೊಟ್ಟಿಗೆಯಲ್ಲಿ ಕಾದು ಕೂತು, ಬಿದ್ದೊಡನೆ ಎತ್ತಿ ಸುತ್ತಿ ಮಗನ ಕೈಗೆ ಕೊಟ್ಟಿದ್ದಳು. ಹಾಲು ಒಸರುವ ಮರಕ್ಕೆ, ನಾಯಿಗೆ ಎಟುಕದಷ್ಟು ಎತ್ತರದಲ್ಲಿ ಅದನ್ನು ಕಟ್ಟಬೇಕು. ನಾಯಿ ತಿಂದರೆ ತಾಯ ಹಾಲು ಕರುವಿಗೆ ದಕ್ಕುವುದಿಲ್ಲವೆಂದು ಆ ಮನೆಯ ನಂಬಿಕೆ.

"ಎಲ್ಲಿಗೋ ಅದು?"

"ಮೆಲ್ಲಗೆ ಅಕ್ಕ, ಅವ್ವಂಗೆ ಕೇಳಿಸ್ತದೆ. ಹಾಲನ್ನ ತಿಂದೂ ತಿಂದೂ ನನ್ ನಾಯಿಮರಿ ಕಾಲು ಸೊಟ್ಟಗಾಗವೆ. ಮೈಸೂರಲ್ಲಿ ಮರಿ ಕೊಟ್ಟೋನು ಹಸಿ ಮಾಂಸ ಹಾಕು ಅಂದವ್ನೆ. ಮಾಂಸ ತಂದ್ರೆ ಅವ್ವ ಮರಿ ಜೊತೆ ನನ್ನೂ ಆಚೆ ಹಾಕ್ತಾಳೆ. ಇದಾದ್ರೆ ಯಾರನ್ನೂ ಕೊಂದಿದ್ದಲ್ಲ, ಕೊಯ್ದಿದ್ದಲ್ಲ. ಕಪಿಲೆ ತಾನಾಗೇ ಕೊಟ್ಟಿದ್ದು."

"ಬೇಡ ಕಣೋ. ಮರಕ್ಕೇ ಕಟ್ಟಿ ಬಾ."

"ಬಿ.ಎಸ್ಸಿ. ಓದಿದೋಳು ನೀನೇ ಹಿಂಗಂದ್ರೆ ಹೆಂಗಕ್ಕ?"

ಮದನ್ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಗಂಟಿಗೆ ಕೈ ಹಾಕಿದ. ಹಾಲನ್ನವನ್ನು ಮೂಸಿ ಮೂಸಿ ಅರ್ಧಕ್ಕೇ ಬಿಡುತ್ತಿದ್ದ ಮರಿ, ಗಂಟು ಪೂರಾ ಬಿಚ್ಚುವ ಮುಂಚೆಯೇ ಅದರ ಮೇಲೆ ಬಿತ್ತು. ಬಾಲ ಅಲ್ಲಾಡಿಸಲಿಲ್ಲ, ಗುರ್ ಎನ್ನಲಿಲ್ಲ. ತಲೆ ಎತ್ತದೆ ತಿಂದಿತು. ಅದು ತಿನ್ನುತ್ತಿರುವಾಗ ಕೊಟ್ಟಿಗೆಯಲ್ಲಿ ಕಪಿಲೆ ಒಂದೇ ಒಂದು ಸಲ ಕೂಗಿತು.

ಅಂದಿನಿಂದ ಮರಿ ಹಾಲನ್ನದ ತಟ್ಟೆಯತ್ತ ತಿರುಗಿಯೂ ನೋಡಲಿಲ್ಲ. ಮದನ್ ನಂಜನಗೂಡಿನಿಂದ ಕವರಿನಲ್ಲಿ ಹಸಿ ಮಾಂಸ ತಂದು, ನಾಲೆ ಏರಿಯ ಮೇಲೆ ಕೂತು ಕದ್ದು ತಿನ್ನಿಸತೊಡಗಿದ. ಮರಿಯ ಕಾಲು ನೆಟ್ಟಗಾದವು, ಮೈಗೆ ಹೊಳಪು ಬಂತು. ಕೊಟ್ಟಿಗೆಯಲ್ಲಿ ಮಾತ್ರ ಬೇರೆಯೇ ನಡೆಯುತ್ತಿತ್ತು. ಕರು ಹತ್ತಿರ ಬಂದರೆ ಕಪಿಲೆ ಒದೆಯುತ್ತಿತ್ತು. ಮರಿ ಆ ಕಡೆ ಸುಳಿದರೆ ಸಾಕು, ಹಗ್ಗ ಜಗ್ಗಿಕೊಂಡು ಬಂದು ತಲೆಯಿಂದ ಬಾಲದವರೆಗೆ ನೆಕ್ಕುತ್ತಿತ್ತು. ಮರಿ ಕಣ್ಣು ಮುಚ್ಚಿ, ತನಗೆ ಸಲ್ಲಬೇಕಾದದ್ದೇ ಎಂಬಂತೆ ನಿಂತಿರುತ್ತಿತ್ತು. ಅದು ಎದುರಿಗಿಲ್ಲದಿದ್ದರೆ ಕೆಚ್ಚಲು ಕಲ್ಲು; ಎದುರಿಗೆ ತಂದು ನಿಲ್ಲಿಸಿದರೆ ಹಾಲು ತಾನಾಗಿ ಸುರಿಯುತ್ತಿತ್ತು. ಮದನ್ ಬಾಯಿ ಬಿಡುವ ಮೊದಲೇ ಮಲ್ಲಾಜಮ್ಮನಿಗೆ ಎಲ್ಲ ತಿಳಿದುಹೋಗಿತ್ತು. ಅವಳು ಬೈಯಲೂ ಇಲ್ಲ. ಮರಿಯನ್ನು ಹಸುವಿನ ಮುಂದೆ ಕಟ್ಟಿ ಹಾಲು ಕರೆದು, ಬಾಟಲಿಯಲ್ಲಿ ಕರುವಿಗೆ ಕುಡಿಸಿದಳು.

"ವಾಸನೆ ಕಣವ್ವ," ನಂದಿತಾ ಹೇಳಿದಳು. "ಹಸು ಕರೂನ ಗುರುತು ಹಿಡಿಯೋದೇ ವಾಸನೆಯಿಂದ. ಅದು ಈ ಮರಿಗೆ ಅಂಟ್ಕೊಂಡದೆ, ಅಷ್ಟೇ."

"ಸೀಗೇಕಾಯಿ ಹಾಕಿ ತೊಳೆದಿವ್ನಿ ಕಣವ್ವಾ ಅದನ್ನ," ಎಂದಳು ಮಲ್ಲಾಜಮ್ಮ. "ವಾಸ್ನೆ ಆಗಿದ್ರೆ ಓಗ್ಬೇಕಿತ್ತು."

ನಂದಿತಾ ತೊಟ್ಟಿಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳಿಗೆ ಹೆರಿಗೆ ನೋವು ದಿನಕ್ಕಿಂತ ಮುಂಚೆಯೇ ಶುರುವಾಗಿ, ಆಸ್ಪತ್ರೆಗೆ ಒಯ್ಯಲು ಕಾರು ಬರುವಷ್ಟರಲ್ಲಿ ಮಗು ಇದೇ ಕೋಣೆಯಲ್ಲಿ ಹುಟ್ಟಿತ್ತು. ಮಗುವಿನ ಮಾಸನ್ನು ಅವ್ವ ಬಚ್ಚಲ ಹಿಂದೆ ಗುಂಡಿ ತೋಡಿ, ಅರಿಶಿನ ಹಾಕಿ, ಮೇಲೆ ಮುಳ್ಳು ಮುಚ್ಚಿ ಹೂತಿದ್ದಳು. ಈಗ ನಂದಿತಾಗೆ ಅದೊಂದೇ ಯೋಚನೆ. ತೊಟ್ಟಿಲು ತೂಗುತ್ತಲೇ ಕೇಳುವಳು, "ಮರಿ ಎಲ್ಲದೆ?" ಊಟ ಬಿಟ್ಟು ಕೇಳುವಳು, "ಮದನ, ಮರಿ ಕಟ್ಟಿದ್ದೀಯಾ?"

"ನಿನ್ ಮಗೂಗಿಂತ ನನ್ ಮರಿ ಮೇಲೇ ನಿಂಗೆ ಕಣ್ಣು. ಬೇಕಾದ್ರೆ ಟಿ. ನರಸೀಪುರಕ್ಕೂ ಕರ್ಕೊಂಡೋಗು, ಭಾವ ಬೇಡ ಅಂತಾರಾ?" ಎಂದು ಮದನ್ ನಗುತ್ತಿದ್ದ.

ಎಣ್ಣೆನೀರು ಹಾಕಿಸಿಕೊಂಡ ಮಧ್ಯಾಹ್ನ ಅವಳಿಗೆ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಮರಿ ಕೋಣೆಯ ಹೊಸ್ತಿಲಾಚೆ ಕೂತಿತ್ತು. ಮೂತಿಗೆ ಒದ್ದೆ ಮಣ್ಣು ಮೆತ್ತಿತ್ತು. ತುಟಿಗೆ ಮುಳ್ಳೊಂದು ಚುಚ್ಚಿಕೊಂಡಿದ್ದರೂ ಅದರ ಪರಿವೆಯೇ ಇಲ್ಲದೆ ಅವಳನ್ನೇ ನೋಡುತ್ತಿತ್ತು.

"ಅವ್ವಾ!"

ಮಲ್ಲಾಜಮ್ಮ ಬಚ್ಚಲ ಹಿಂದಕ್ಕೆ ಹೋದಳು. ತಿರುಗಿ ಬಂದವಳು ಅಂಗಳದಲ್ಲಿ ಬಹಳ ಹೊತ್ತು ಕಾಲು ತೊಳೆಯುತ್ತ ನಿಂತಳು.

"ಏನಾಗದವ್ವ?"

"ಏನಿಲ್ಲ. ಮಗೂಗೆ ಹಾಲು ಕೊಡು." ಮಗಳ ಮುಖ ನೋಡದೆ ಹೇಳಿದಳು.

ಮಗು ಆಗಲೇ ಎದ್ದು ಅಳುತ್ತಿತ್ತು. ಬೆಳಿಗ್ಗೆಯವರೆಗೂ ಅದು ನುಂಗಲಾರದಷ್ಟು ಹಾಲಿತ್ತು. ಈಗ ಮಗು ಒಂದೆರಡು ಸಲ ಎಳೆದು, ಬಾಯಿ ಬಿಟ್ಟು, ಕೆಂಪಗಾಗಿ ಕಿರುಚಿತು. ನಂದಿತಾ ಮಗ್ಗುಲು ಬದಲಿಸಿದಳು, ಒತ್ತಿದಳು. ಎದೆ ಬಿಗಿದು ಕಲ್ಲಾಗಿತ್ತು, ಹನಿಯೂ ಇಳಿಯಲಿಲ್ಲ. ಮಗುವಿನ ಕೂಗು ಅವಳ ಕಿವಿಗೆ ಬೀಳುತ್ತಿತ್ತು, ಮೈಗೆ ತಾಗುತ್ತಿರಲಿಲ್ಲ.

ಹೊಸ್ತಿಲಾಚೆ ಮರಿ ಸಣ್ಣಗೆ ಕುಂಯ್‌ಗುಟ್ಟಿತು.

ಅವಳ ರವಿಕೆ ಎರಡೂ ಕಡೆ ಒದ್ದೆಯಾಯಿತು. ಮಗು ಗಟಗಟನೆ ಕುಡಿಯತೊಡಗಿತು. ಮರಿ ಸುಮ್ಮನಾಯಿತು, ಹಾಲು ನಿಂತಿತು, ಮಗು ಮತ್ತೆ ಅತ್ತಿತು.

"ಓಡ್ಸವ್ವ ಅದನ್ನ," ನಂದಿತಾ ಮಗುವನ್ನು ಅವುಚಿಕೊಂಡು ಗೋಡೆಯತ್ತ ಸರಿದಳು. "ಎಲ್ಲಾದ್ರೂ ದೂರ ಬಿಟ್ಟು ಬರಕ್ಕೆ ಹೇಳವ್ವ."

ಮಲ್ಲಾಜಮ್ಮ ಮೂಲೆಯಲ್ಲಿದ್ದ ಕೋಲನ್ನು ಕೈಗೆ ತೆಗೆದುಕೊಂಡಿದ್ದಳು. ಅಳುತ್ತಿದ್ದ ಮೊಮ್ಮಗುವನ್ನು ನೋಡಿದಳು, ಮರಿಯನ್ನು ನೋಡಿದಳು. ಕೋಲನ್ನು ಗೋಡೆಗೆ ಒರಗಿಸಿಟ್ಟಳು.

"ಮದನಾ, ಬಾರಪ್ಪ ಇಲ್ಲಿ. ಆ ಮರೀನ ಎತ್ಕೊಂಡು ಅಕ್ಕನ ಮಗ್ಗುಲಿಗೆ ಬಿಡು."