ಸಿಂಧು ಮನೆಗೆ ಬಾಗಿನ

ಅರಕಲಗೂಡಿನಿಂದ ಎರಡು ಬಸ್ಸು ಬದಲಾಯಿಸಿ, ಗೌರಿ ಬಾಗಿನದ ಜೋಡಿ ಮೊರವನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಚನ್ನರಾಯಪಟ್ಟಣಕ್ಕೆ ಬಂದ ಶಿವರಾಜು, ತಂಗಿಯ ಮನೆ ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ನಿಂತುಬಿಟ್ಟ. ತವರಿನ ಬಾಗಿನ ಹೋಗುವುದು ಮದುವೆ ಮಾಡಿಕೊಟ್ಟ ಹೆಣ್ಣಿಗೆ. ‘ನನ್ನ ಬಾಳು ಏನಿದ್ದರೂ ಶಾಂತಿ ಜೊತೆಗೇ’ ಎಂದು ಐದು ವರ್ಷದ ಹಿಂದೆ ಮನೆಬಿಟ್ಟು ಬಂದ ಸಿಂಧುವಿಗೆ ಎಂಥ ಬಾಗಿನ? ಅವ್ವನ ಹಟಕ್ಕೆ ಹೊರಟು ಬಂದಿದ್ದ, ಅಷ್ಟೇ. ಕೊಟ್ಟವನೇ ತಿರುಗಿ ಬಸ್ಸು ಹತ್ತುವುದೆಂದೂ ತೀರ್ಮಾನಿಸಿದ್ದ.

ಒಳಗೆ ಹಬ್ಬಕ್ಕೆ ಕೊಡಬೇಕಾದ ಗಿರಾಕಿಗಳ ರವಿಕೆಗಳು ರಾಶಿ ಬಿದ್ದಿದ್ದವು. ಶಾಂತಿ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಬೆಳಗಿನ ಪಾಳಿ ಮುಗಿಸಿ ಬಂದ ಸಿಂಧು, ಕಂಡಕ್ಟರ್ ಖಾಕಿಯನ್ನೂ ಕಳಚದೆ ಗೋಡೆಗೊರಗಿ ರವಿಕೆಗಳಿಗೆ ಹುಕ್ಸ್ ಹಾಕುತ್ತಿದ್ದಳು. ಸೂಜಿಗೆ ದಾರ ಪೋಣಿಸು ಎಂದರೆ ಅವ್ವನ ಮೇಲೆಯೇ ರೇಗುತ್ತಿದ್ದ ಹುಡುಗಿ ಇವಳೇನಾ?

“ಬಾಣ್ಣ, ಕೂತ್ಕೋ. ಇವ್ಳು ಬೆನ್ನು ನೋವು ಅಂತಾಳೆ, ಮಿಷನ್ ಬುಟ್ಟು ಏಳಾಕಿಲ್ಲ. ಅದ್ಕೆ ಹುಕ್ಸ್ ನಂದು, ರಾತ್ರಿ ಮುದ್ದೆನೂ ನಂದು,” ಎಂದಳು ಸಿಂಧು.

“ಮುದ್ದೆ ತುಂಬ ಗಂಟು ಕಣಣ್ಣ. ಆದ್ರೂ ತಿಂತೀನಿ,” ಎಂದು ನಗುತ್ತ ಶಾಂತಿ ನೀರು ತಂದಳು.

ಬೇಡ ಎನ್ನಬೇಕೆಂದಿದ್ದವನು ಗಟಗಟನೆ ಕುಡಿದುಬಿಟ್ಟ. ತಾನು ಹೆಂಡತಿಗೆ ಒಂದು ಲೋಟ ನೀರು ಎತ್ತಿಕೊಟ್ಟ ನೆನಪೂ ಅವನಿಗಿರಲಿಲ್ಲ. ಬಾಳುವೆ ಅಂದರೆ ಇದಪ್ಪ ಎಂದು ಮನಸ್ಸು ತಾನಾಗಿಯೇ ಮೆಚ್ಚಿಕೊಂಡಿತು.

“ತಕಳವ್ವ, ಅವ್ವ ಕಳಿಸವ್ಳೆ,” ಎಂದು ಬಾಗಿನ ಮುಂದೆ ಹಿಡಿದ.

ಶಾಂತಿ ಮೆಲ್ಲಗೆ ಅಡುಗೆಮನೆಯತ್ತ ಸರಿದಳು. ಅವಳ ತವರು ರಾಮನಾಥಪುರ. ಅಲ್ಲಿಂದ ಬಾಗಿನವಿರಲಿ, ಈ ಐದು ವರ್ಷದಲ್ಲಿ ಒಂದು ಫೋನೂ ಬಂದಿರಲಿಲ್ಲ.

ಸಿಂಧುವಿನ ಕಣ್ಣು ತುಂಬಿತು, ಕೈ ಮಾತ್ರ ಮುಂದೆ ಬರಲಿಲ್ಲ. “ಇದ್ಕೆ ಐದು ವರ್ಸದಿಂದ ದಾರಿ ನೋಡಿವ್ನಿ ಕಣಣ್ಣ. ಆದ್ರೆ ಅವ್ಳು ಬರಿಗೈಲಿ ನಿಂತಿರೋವಾಗ ನಾನೆಂಗೆ ಇಸ್ಕಳ್ಲಿ? ವಾಪಸ್ ತಕೊಂಡೋಗು.”

ಶಿವರಾಜು ತಂಗಿಯನ್ನೇ ನೋಡಿದ. ಎಂಥ ಗಟ್ಟಿಗಿತ್ತಿ! ಹೆಮ್ಮೆ ಉಕ್ಕಿ ಬಂತು. ಚಪ್ಪಲಿಯನ್ನು ಆಚೆ ಬಿಟ್ಟು ಬಂದು ನೆಲದ ಮೇಲೆ ಕುಳಿತ. ಬಾಗಿನದ ದಾರ ಬಿಚ್ಚಿ, ಮುಚ್ಚಿದ್ದ ಮೇಲಿನ ಮೊರವನ್ನೆತ್ತಿ ಪಕ್ಕಕ್ಕಿಟ್ಟ. ಅಕ್ಕಿ, ಬೇಳೆ, ಬೆಲ್ಲ, ಬಳೆಗಳನ್ನೆಲ್ಲ ಅದಕ್ಕೂ ಅರ್ಧರ್ಧ ಹಾಕಿದ. ತೆಂಗಿನಕಾಯಿ ಇದ್ದದ್ದು ಒಂದೇ. ಅದನ್ನೂ ಆ ಮೊರದಲ್ಲೇ ಇಟ್ಟ.

“ಶಾಂತಿ, ಬಾರವ್ವ ಇಲ್ಲಿ. ಇದು ನಿಂದು.”

ಶಾಂತಿ ಬಂದು ನಿಂತಳು. “ಮೇಲೆ ಮುಚ್ಚಾಕೆ ಮೊರನೇ ಇಲ್ವಲ್ಲಣ್ಣ. ತೆರೆದ ಬಾಗಿನ ಇಸ್ಕಬಾರ್ದಂತೆ.”

“ಸೆರಗು ಮುಚ್ಚಿ ಇಸ್ಕಳಿ. ಆಯ್ತದೆ.”

ಸಿಂಧು ಮೈಮೇಲಿದ್ದ ಖಾಕಿಯನ್ನು ನೋಡಿಕೊಂಡಳು. ಸೆರಗೆಲ್ಲಿಂದ ತರುವುದು? ಅಷ್ಟರಲ್ಲಿ ಶಾಂತಿ ಸೊಂಟಕ್ಕೆ ಸಿಕ್ಕಿಸಿದ್ದ ತನ್ನ ಸೆರಗನ್ನು ಬಿಡಿಸಿ, ಎರಡೂ ಮೊರಗಳ ಮೇಲೆ ಉದ್ದಕ್ಕೂ ಹರಡಿದಳು.

ಒಂದೇ ಸೆರಗು ಎರಡಕ್ಕೂ ಸಾಕಾಯಿತು.