ಬಿಸ್ಕತ್ತಿನವರು ಮಾರುವ ಜೋಳ

ನಮ್ಮ ಅವ್ವನ ಜೋಳದ ರೊಟ್ಟಿಯನ್ನು ನಾಲ್ಕು ಜನರ ಮುಂದೆ ಹೀಯಾಳಿಸಿ, ನನ್ನ ಡಬ್ಬಿಯಿಂದ ಹೊರಹಾಕಿಸಿದವರು ಒಂದು ಬಿಸ್ಕತ್ತಿನ ಕಂಪನಿಯವರು. ಮೊನ್ನೆ ಮುಲುಂಡಿನ ಮಾಲ್‌ನಲ್ಲಿ ಮೊಮ್ಮಗಳು ಅದೇ ಕಂಪನಿಯ ಜೋಳದ ಬಿಸ್ಕತ್ತಿನ ಪೊಟ್ಟಣ ಒಡೆದಾಗ, ಹುರಿದ ಹಿಟ್ಟಿನ ವಾಸನೆಗೆ ಆ ಮಧ್ಯಾಹ್ನ ಮರಳಿ ಬಂತು.

ನಾನು ಹುಡುಗನಾಗಿದ್ದಾಗ, ಬಿಸ್ಕತ್ತಿನ ಪ್ರಚಾರಕ್ಕೆಂದು ಭಾಂಡುಪಿನ ನಮ್ಮ ಶಾಲೆಗೆ ತಾಯಂದಿರನ್ನು ಕರೆಸಿದ್ದರು. ಗರಿಗರಿ ಸೀರೆಯುಟ್ಟ ಕಂಪನಿಯ ಹೆಂಗಸು ನನ್ನ ಡಬ್ಬಿ ತೆರೆದು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಮೆತ್ತನೆಯ ರೊಟ್ಟಿಯನ್ನು ಸತ್ತ ಇಲಿಯಂತೆ ಎರಡೇ ಬೆರಳಲ್ಲಿ ಎತ್ತಿ ತೋರಿಸಿದಳು.

“ಭಾಕರಿ? ಇದು ಕೂಲಿಯವರ ಊಟ. ಇದನ್ನು ತಿಂದು ಹುಡುಗ ಓದುತ್ತಾನಾ?” ಎಂದು ಹಿಂದಿಯಲ್ಲಿ ಕೇಳಿದಳು. ಉಳಿದ ತಾಯಂದಿರು ನಕ್ಕರು. ಅವ್ವ ಡಬ್ಬಿಗೆ ಸೆರಗು ಮುಚ್ಚಿದಳು.

ದಾರಿಯಲ್ಲಿ ಅವ್ವ, “ಬಿಸ್ಕೂಟ್ ತಿಂದ್ರ ಶಾಣ್ಯಾ ಆಗ್ತಾರಂತ. ಮತ್ತ ಆಕಿ ಒಂದರ ಬಾಯಾಗ ಹಾಕ್ಕೊಂಡ್ಲೇನು?” ಎಂದಳು. ನಾನು ನಕ್ಕೆ, ಅವಳು ನಗಲಿಲ್ಲ. ಮರುದಿನ ಬೆಳಿಗ್ಗೆ ನಾವಿದ್ದ ಚಾಳಿನ ವಠಾರದಲ್ಲಿ ನಮ್ಮ ಮನೆಯ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಡಬ್ಬಿಯಲ್ಲಿ ಬಿಸ್ಕತ್ತಿತ್ತು.

ಈಗಿನ ಪೊಟ್ಟಣದ ಮೇಲೆ ರೊಟ್ಟಿ ಬಡಿಯುವ ಮುದುಕಿಯೊಬ್ಬಳ ಚಿತ್ರವಿದೆ, ಕೆಳಗೆ ‘ಆರೋಗ್ಯದ ಆಹಾರ’ ಎಂದು ಬರೆದಿದೆ. ಕಂಪನಿಯ ಮಹನೀಯರೇ, ಅವ್ವನ ಡಬ್ಬಿಯಲ್ಲಿ ಕೂಲಿಯವರ ಊಟವಾಗಿದ್ದ ಜೋಳ, ನಿಮ್ಮ ಪೊಟ್ಟಣ ಹೊಕ್ಕ ಕೂಡಲೇ ಆರೋಗ್ಯದ ಆಹಾರವಾದದ್ದು ಹೇಗೆ?